ಉಪ್ಪುನೀರಿನ ದೊಡ್ಡಮ್ಮ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಒಬ್ಬ ಇನ್‌ಸ್ಪೆಕ್ಟರ್ ಇದ್ದರು. ಅವರ ಅಸಲಿ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಪೇಟೆಯವರೂ ಕಚೇರಿಯವರೂ ಅವರನ್ನು ಕರೆಯುತ್ತಿದ್ದದ್ದು ಗುಲಗಂಜಿ ಅಂತ. ಅಂಗಡಿಯ ತಕ್ಕಡಿ ಗುಲಗಂಜಿಯಷ್ಟು ಆಚೀಚೆ ವಾಲಿದರೂ ಅವರು ಬಿಡುವವರಲ್ಲ ಎಂಬ ಸಿಟ್ಟಿನಲ್ಲಿ ಯಾರೋ ಇಟ್ಟ ಹೆಸರು ಅದು. ಅವರು ಮಾತ್ರ ಅದನ್ನು ಬಿರುದು ಅಂದುಕೊಂಡು, ಬೆನ್ನಹಿಂದೆ ಕೇಳಿಸಿದಾಗಲೂ ತಿರುಗಿ ನೋಡಿ ತಲೆಯಾಡಿಸುತ್ತಿದ್ದರು.

ಮನೆಯಲ್ಲೂ ಅದೇ ಶಿಸ್ತು. ಚಹಾಪುಡಿಯಿಂದ ಹಿಡಿದು ಸೋಪಿನ ಪುಡಿಯವರೆಗೆ ಎಲ್ಲಕ್ಕೂ ಗುರುತು ಹಾಕಿದ ಚಮಚ. ಹೆಂಡತಿ ಲೈಬ್ರರಿಯಲ್ಲಿ ಕೆಲಸಕ್ಕಿದ್ದರು, ಸದ್ದಿಲ್ಲದೆ ಬದುಕುವುದನ್ನು ಕಲಿತವರು. ಮದುವೆಯಾದ ಹೊಸದರಲ್ಲಿ ವಾದ ಮಾಡಿ ನೋಡಿದರು. ಆಮೇಲೆ ಪ್ರತಿಯೊಂದಕ್ಕೂ ಎರಡೆರಡು ಡಬ್ಬಿ ಇಟ್ಟುಕೊಂಡರು. ಒಂದು ಗಂಡ ಅಳೆಯುವುದಕ್ಕೆ, ಇನ್ನೊಂದು ಅಡುಗೆಗೆ.

ಇಂಥವರ ಮನೆಗೆ ಕಡಲು ಬಂದದ್ದು ಹೀಗೆ. ಕೆಳಮಹಡಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರಮ್ಮ ಇದ್ದರು. ಅವರ ಕ್ಲಿನಿಕ್ಕಿನಲ್ಲಿ, ಸರದಿಗೆ ಕಾದು ಕೂತವರ ಹೆದರಿಕೆ ಇಳಿಯಲೆಂದು, ಮುನ್ನೂರು ಲೀಟರಿನ ಒಂದು ಗಾಜಿನ ತೊಟ್ಟಿ. ಅದರಲ್ಲಿ ಉಪ್ಪುನೀರು, ಕಲ್ಲುಗಳು, ಕಿತ್ತಳೆ ಬಣ್ಣದ ಎರಡು ಮೀನು, ನಟ್ಟನಡುವಿನ ಕಲ್ಲಿನ ಮೇಲೆ ಒಂದು ಕಡಲ ಹೂ. ಹೆಸರಿಗೆ ಹೂವಾದರೂ ಅದು ಪ್ರಾಣಿ. ಒಂದೇ ಒಂದು ಮೆತ್ತನೆಯ ಕಾಲು, ಅದರ ಮೇಲೆ ಬಾಯಿ, ಬಾಯಿಯ ಸುತ್ತ ನೂರಾರು ಬೆರಳು. ನೀರು ಅಲ್ಲಾಡಿದಂತೆ ಬೆರಳುಗಳೂ ಅಲ್ಲಾಡುತ್ತಿದ್ದವು. ಮೀನುಗಳು ಹೆದರಿದಾಗ ಅದರ ಮಡಿಲಿಗೇ ಹೋಗಿ ಕೂರುತ್ತಿದ್ದವು. ಡಾಕ್ಟರಮ್ಮ ಅದಕ್ಕೆ ದೊಡ್ಡಮ್ಮ ಅಂತ ಹೆಸರಿಟ್ಟಿದ್ದರು. ಮನೆಯ ಮಧ್ಯೆ ಕೂತ ಜಾಗದಿಂದ ಏಳುವುದಿಲ್ಲ, ಎಲ್ಲರೂ ಸುತ್ತುಹಾಕಿಕೊಂಡೇ ಓಡಾಡಬೇಕು, ಯಾರಾದರೂ ಮೈಮೇಲೆ ಬಿದ್ದರೆ ಚುಚ್ಚುತ್ತಾರೆ, ಮಕ್ಕಳಿಗೆ ಮಾತ್ರ ಏನೂ ಮಾಡುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ.

ಕ್ಲಿನಿಕ್ಕಿನ ನೆಲ ಒಡೆದು ಹೊಸದಾಗಿ ಹಾಕಿಸಬೇಕಾಗಿ ಬಂತು. ಅದೇ ಹೊತ್ತಿಗೆ ಡಾಕ್ಟರಮ್ಮನ ತಮ್ಮನಿಗೆ ಬೇರೆ ಊರಿನಲ್ಲಿ ಆಪರೇಷನ್; ಎರಡು ತಿಂಗಳು ಅವರು ಅಲ್ಲಿರಬೇಕು. ತೊಟ್ಟಿಯನ್ನು ಯಾರಿಗೆ ಒಪ್ಪಿಸಲಿ ಎಂದು ಅವರು ಮೆಟ್ಟಿಲ ಬಳಿ ನಿಂತು ಚಿಂತೆ ಮಾಡುತ್ತಿದ್ದಾಗ ಗುಲಗಂಜಿಯವರು ಮೇಲಿಂದ ಇಳಿದು ಬಂದರು. ವಿಷಯ ಕೇಳಿದವರೇ, ಉಪ್ಪು ಮತ್ತು ನೀರು ಎರಡನ್ನೂ ಅಳೆಯುವುದಕ್ಕೆ ಸರ್ಕಾರವೇ ತಮ್ಮನ್ನು ನೇಮಿಸಿದೆ, ಇದರಲ್ಲಿ ಯೋಚಿಸುವುದೇನಿದೆ ಅಂದುಬಿಟ್ಟರು. ಹಿಂದೆ ನಿಂತಿದ್ದ ಹೆಂಡತಿ ಕಣ್ಸನ್ನೆ ಮಾಡಿದ್ದು ಅವರಿಗೆ ಕಾಣಿಸಲಿಲ್ಲ. ಕಂಡಿದ್ದರೂ ಪ್ರಯೋಜನವಿರಲಿಲ್ಲ.

ನಾಲ್ಕು ಜನ ಸೇರಿ ಖಾಲಿ ತೊಟ್ಟಿಯನ್ನು ಮೇಲೆ ಹೊತ್ತರು. ನೀರು ಕ್ಯಾನುಗಳಲ್ಲಿ ಬಂತು, ದೊಡ್ಡಮ್ಮ ಕಲ್ಲಿನ ಸಮೇತ ಬಕೆಟ್ಟಿನಲ್ಲಿ ಬಂದರು. ಡಾಕ್ಟರಮ್ಮ ತಮ್ಮ ಔಷಧಿ ಚೀಟಿಯ ಮೇಲೆ ಐದು ಸಾಲು ಬರೆದುಕೊಟ್ಟರು. ಪಂಪಿನ ಬಾಯಿಗೆ ಸ್ಪಂಜು ಯಾವಾಗಲೂ ಇರಲಿ, ಇಲ್ಲದಿದ್ದರೆ ಒಳಗೆ ಎಳೆದುಕೊಳ್ಳುತ್ತದೆ. ಕೈಯಿಂದ ಕೀಳಬೇಡಿ. ವಾರಕ್ಕೆರಡು ಸಲ ಕಿರುಬೆರಳ ಉಗುರಿನಷ್ಟು ಊಟ. ಆವಿಯಾದಷ್ಟು ನೀರು ದಿನಾ ತುಂಬಿ. ಮಿಕ್ಕಂತೆ ಸುಮ್ಮನೆ ನೋಡಿ. ಜೊತೆಗೆ ಉಪ್ಪಿನಂಶ ನೋಡುವ ಒಂದು ಪುಟ್ಟ ದುರ್ಬೀನು. ಅದರ ಗಾಜಿನ ಮೇಲೆ ಒಂದು ತೊಟ್ಟು ನೀರು ಹಾಕಿ ಬೆಳಕಿಗೆ ಹಿಡಿದರೆ ಅಂಕಿ ಕಾಣಿಸುತ್ತದೆ. ಮೂವತ್ತೈದು ಇದ್ದರೆ ಸರಿ.

ಗುಲಗಂಜಿಯವರು ದುರ್ಬೀನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಇಲಾಖೆಯ ಮೊಹರು ಎಲ್ಲೂ ಇರಲಿಲ್ಲ. ಮೊಹರಿಲ್ಲದ ಅಳತೆಗೆ ತಮ್ಮ ಮನೆಯಲ್ಲಿ ಜಾಗವಿಲ್ಲವೆಂದು ಅದನ್ನು ಮೇಜಿನ ಡ್ರಾಯರಿಗೆ ಹಾಕಿ ಬೀಗ ಹಾಕಿದರು.

ಉಳಿದದ್ದು ಆವಿಯಾದ ನೀರಿನ ಪ್ರಶ್ನೆ. ತೊಟ್ಟಿಯ ಮಟ್ಟ ದಿನಕ್ಕೆ ಎರಡು ಲೀಟರಿನಷ್ಟು ಇಳಿಯುತ್ತಿತ್ತು. ಅವರು ಯೋಚಿಸಿದರು: ತೊಟ್ಟಿಯಲ್ಲಿರುವುದು ಉಪ್ಪುನೀರು, ಕಡಿಮೆಯಾದದ್ದೂ ಉಪ್ಪುನೀರು, ಆದಕಾರಣ ತುಂಬಬೇಕಾದದ್ದೂ ಉಪ್ಪುನೀರೇ. ಈ ತರ್ಕದಲ್ಲಿ ಕೂದಲು ತೂರುವಷ್ಟು ಸಂದಿಯೂ ಇರಲಿಲ್ಲ. ಲೋಕದಲ್ಲಿ ಬಹಳಷ್ಟು ಅನಾಹುತಗಳು ಇಂಥ ಸಂದಿಯಿಲ್ಲದ ತರ್ಕದಿಂದಲೇ ಆಗಿವೆ. ಅಂದಿನಿಂದ ಪ್ರತಿ ಬೆಳಗ್ಗೆ ಎರಡು ಲೀಟರು ನೀರಿಗೆ ಎಪ್ಪತ್ತು ಗ್ರಾಂ ಉಪ್ಪು ತೂಗಿ, ಕರಗಿಸಿ, ಸುರಿದು, ವಹಿಯಲ್ಲಿ ಬರೆದು ಸಹಿ ಹಾಕತೊಡಗಿದರು.

ಎರಡು ವಾರ ಎಲ್ಲ ಚೆನ್ನಾಗಿತ್ತು. ಗುಲಗಂಜಿಯವರು ಕಚೇರಿಯಿಂದ ಬಂದು ಬೂಟು ಬಿಚ್ಚುವ ಮೊದಲೇ ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಳ್ಳುತ್ತಿದ್ದರು. ದೊಡ್ಡಮ್ಮ ಇವತ್ತು ಏನು ಮಾಡಿದರು ಎಂದು ಹೆಂಡತಿಯನ್ನು ಕೇಳುತ್ತಿದ್ದರು. ಕೂತಿದ್ದರು ಎಂದು ಆಕೆ ಹೇಳುತ್ತಿದ್ದರು. ಅಷ್ಟಕ್ಕೇ ಇವರಿಗೆ ಸಂತೋಷ. ಯಾವುದನ್ನೂ ತೂಗದೆ, ತಪ್ಪು ಹುಡುಕದೆ ಒಂದು ಜೀವವನ್ನು ಅರ್ಧ ಗಂಟೆ ಸುಮ್ಮನೆ ನೋಡುವುದು ಅವರಿಗೆ ಹೊಸ ಅನುಭವ. ಹಾಗೆ ನೋಡುತ್ತಾ ಕೂತಾಗ ಒಮ್ಮೊಮ್ಮೆ ಇನ್ನೊಬ್ಬ ದೊಡ್ಡಮ್ಮನ ನೆನಪು ಬರುತ್ತಿತ್ತು. ಆಗ ಎದ್ದು ಹೋಗಿ ಗಾಜು ಒರೆಸುತ್ತಿದ್ದರು.

ಆ ದೊಡ್ಡಮ್ಮ, ಅಂದರೆ ಅವರ ತಾಯಿಯ ಅಕ್ಕ, ಬಸ್ಸಿನಲ್ಲಿ ಮೂರು ಗಂಟೆ ದಾರಿಯ ಇನ್ನೊಂದು ಊರಿನಲ್ಲಿ ಮೊಳೆ ಅಂಗಡಿ ಇಟ್ಟಿದ್ದರು. ಮೊಳೆ, ಸ್ಕ್ರೂ, ಕೀಲು, ಬೀಗ. ಚಿಕ್ಕಂದಿನಲ್ಲಿ ತಾಯಿ ತೀರಿಕೊಂಡ ಮೇಲೆ ಗುಲಗಂಜಿಯವರು ಬೆಳೆದದ್ದು ಆ ಅಂಗಡಿಯ ಹಿಂದಿನ ಕೋಣೆಯಲ್ಲಿ. ಲೆಕ್ಕ ಕಲಿತದ್ದು ಅಲ್ಲಿಯ ತಕ್ಕಡಿಯ ಮೇಲೆ. ಆರು ವರ್ಷದ ಹಿಂದೆ, ಇನ್‌ಸ್ಪೆಕ್ಟರಾಗಿ ಬಡ್ತಿ ಸಿಕ್ಕ ಮೊದಲ ತಿಂಗಳಲ್ಲಿ, ಸಾಹೇಬರ ಜೊತೆ ಆ ಪೇಟೆಗೆ ತಪಾಸಣೆಗೆ ಹೋಗಬೇಕಾಯಿತು. ದೊಡ್ಡಮ್ಮನ ತಕ್ಕಡಿ ಕಿಲೋಗೆ ಹತ್ತು ಗ್ರಾಂ ತಪ್ಪು ತೋರಿಸಿತು. ಅದೂ ಗಿರಾಕಿಯ ಕಡೆಗೆ ಹೆಚ್ಚು. ಕೇಳಿದರೆ ಅವರು ಶಾಂತವಾಗಿ, ಮೊಳೆ ಹೊಡೆಯುವವನು ಒಂದೆರಡು ಬಗ್ಗಿಸಿಯೇ ಬಗ್ಗಿಸುತ್ತಾನೆ, ಅದು ಅವನ ಪಾಲಿಗೆ ಅಂದರು. ತಪ್ಪು ಯಾವ ಕಡೆಗಿದ್ದರೂ ತಪ್ಪೇ ಎಂದು ಗುಲಗಂಜಿಯವರು ತಕ್ಕಡಿಗೆ ಸೀಲು ಹಾಕಿದರು. ಸಾಹೇಬರು ಬೆನ್ನು ತಟ್ಟಿದರು. ದೊಡ್ಡಮ್ಮ ಇಬ್ಬರಿಗೂ ಕುಡಿಯಲು ನೀರು ಕೊಟ್ಟು ಕಳಿಸಿದರು. ಅಲ್ಲಿಂದ ಫೋನಿಲ್ಲ, ಪತ್ರವಿಲ್ಲ, ಹೋಗಿಲ್ಲ, ಬಂದಿಲ್ಲ.

ಮೂರನೇ ವಾರ ತೊಟ್ಟಿಯ ದೊಡ್ಡಮ್ಮ ಸೊರಗತೊಡಗಿದರು. ಬೆರಳುಗಳು ಕುಗ್ಗಿ ಗಂಟಾದವು. ಬಣ್ಣ ಇಳಿಯಿತು, ಬಾಯಿ ಅರ್ಧ ತೆರೆದುಕೊಂಡಿತು, ಕೊಟ್ಟ ತುತ್ತನ್ನು ಹೊರಗೆ ಹಾಕಿದರು. ಮೀನುಗಳು ದೂರ ನಿಂತು ನೋಡುತ್ತಿದ್ದವು. ಗುಲಗಂಜಿಯವರು ಡಾಕ್ಟರಮ್ಮನಿಗೆ ಫೋನು ಮಾಡಿದರು. ಆಕೆ ಮೊದಲು ಕೇಳಿದ್ದೇ ಉಪ್ಪು ಸರಿಯಾಗಿದೆಯೇ ಎಂದು. ಇವರು ದಿನಾ ಗ್ರಾಂ ಲೆಕ್ಕದಲ್ಲಿ ತೂಗುತ್ತಿದ್ದೇನೆ ಅಂದರು. ಗುಲಗಂಜಿಯವರು ತೂಗಿದ್ದಾರೆಂದ ಮೇಲೆ ಮುಗಿಯಿತು ಎಂದು ಆಕೆ ಬೇರೆ ಕಾರಣ ಹುಡುಕತೊಡಗಿದರು.

ಮಾರನೇ ದಿನ ಇವರು ರಜೆಯ ಅರ್ಜಿ ಬರೆದರು. ಸುಳ್ಳು ಬರೆಯುವುದು ಅವರ ಜಾಯಮಾನವಲ್ಲ. ಬಹಳ ಯೋಚಿಸಿ, ಮನೆಯಲ್ಲಿ ದೊಡ್ಡಮ್ಮನವರಿಗೆ ಹುಷಾರಿಲ್ಲದ ಕಾರಣ ಒಂದು ವಾರ ಜೊತೆಯಲ್ಲಿರಬೇಕಾಗಿದೆ ಎಂದು ಬರೆದರು. ಒಂದೊಂದು ಅಕ್ಷರವೂ ನಿಜ. ಸಾಹೇಬರು ಅರ್ಜಿ ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಅಂದು ಸೀಲು ಹಾಕಿದ ಅಂಗಡಿಯವರೇ ತಾನೇ, ಇವರನ್ನು ಸಾಕಿದವರು, ಎಂದು ಕೇಳಿದರು. ನಿಜ ಹೇಳಲು ಗುಲಗಂಜಿಯವರು ಬಾಯಿ ತೆರೆದರು. ಅಷ್ಟರಲ್ಲಿ ಸಾಹೇಬರು, ಹಿರಿಯರ ಸೇವೆಗಿಂತ ದೊಡ್ಡ ಕರ್ತವ್ಯವಿಲ್ಲ, ಕಷ್ಟಕಾಲದಲ್ಲಿ ಹಳೆಯದನ್ನೆಲ್ಲ ಮರೆತು ಮನೆಗೆ ಕರೆತಂದಿದ್ದೀರಿ ಎಂದು ಎದ್ದು ನಿಂತು ಕೈಕುಲುಕಿದರು. ಕೈ ಸಾಹೇಬರ ಕೈಯಲ್ಲಿರುವಾಗ ಬಾಯಿಗೆ ಧೈರ್ಯ ಸಾಲಲಿಲ್ಲ.

ಸಾಹೇಬರು ಅಲ್ಲಿಗೆ ನಿಲ್ಲಿಸಲಿಲ್ಲ. ಮೊಳೆ ಅಂಗಡಿಯ ತಕ್ಕಡಿಯ ವಾರ್ಷಿಕ ತಪಾಸಣೆ ಆ ತಿಂಗಳೇ ಇತ್ತು. ಮಾಲೀಕರು ತಾವು ಸಾಕಿದ ಇನ್‌ಸ್ಪೆಕ್ಟರರ ಮನೆಯಲ್ಲಿ ಹಾಸಿಗೆ ಹಿಡಿದಿರುವುದರಿಂದ ಅನುಕಂಪದ ಮೇಲೆ ತಪಾಸಣೆ ಮುಂದೂಡಲಾಗಿದೆ ಎಂದು ಒಂದು ಪತ್ರ ತಯಾರಿಸಿ, ಅಂಗಡಿಯ ಬಾಗಿಲಿಗೆ ಅಂಟಿಸಿ ಬರಲು ಗುಮಾಸ್ತರನ್ನು ಕಳಿಸಿದರು. ಗುಮಾಸ್ತರು ಹೋಗಿ ನೋಡಿದರೆ ಬಾಗಿಲು ತೆರೆದಿದೆ. ಹಾಸಿಗೆ ಹಿಡಿದವರು ಏಣಿ ಹತ್ತಿ ಮೇಲಿನ ಕಪಾಟಿನಿಂದ ಬೀಗದ ಡಬ್ಬಿ ಇಳಿಸುತ್ತಿದ್ದಾರೆ. ಆದರೂ ಸರ್ಕಾರಿ ಪತ್ರ ಸರ್ಕಾರಿ ಪತ್ರವೇ. ಗುಮಾಸ್ತರು ಏಣಿಯ ಕೆಳಗೆ ನಿಂತು ಪೂರ್ತಿ ಓದಿ ಹೇಳಿದರು. ದೊಡ್ಡಮ್ಮ ಕೊನೆಯವರೆಗೆ ಕೇಳಿಸಿಕೊಂಡು, ಹಾಗಿದ್ದರೆ ನನಗೆ ಹೇಗಿದೆ ಅಂತ ನಾನೇ ಹೋಗಿ ನೋಡಿಕೊಂಡು ಬರುತ್ತೇನೆ ಅಂದರಂತೆ. ಗುಮಾಸ್ತರು ಸಾಹೇಬರಿಗೆ ಪತ್ರ ತಲುಪಿಸಿದೆ ಎಂದಷ್ಟೇ ವರದಿ ಮಾಡಿದರು.

ಇತ್ತ ಪಕ್ಕದ ಮನೆಯಲ್ಲಿ ಸಂಗೀತದ ಮೇಷ್ಟ್ರು ಇದ್ದರು. ಕಿವಿಯೇ ಅವರ ಕಸುಬು. ನಡುವಿನ ಗೋಡೆ ತೆಳ್ಳಗಿದ್ದುದು ಅವರ ತಪ್ಪಲ್ಲ. ರಜೆಯ ಎರಡನೇ ದಿನ ಗುಲಗಂಜಿಯವರು ಫೋನಿನಲ್ಲಿ ಆಡಿದ ಮಾತು ಅವರಿಗೆ ಹೀಗೆ ಕೇಳಿಸಿತು:

“ದೊಡ್ಡಮ್ಮ ಇವತ್ತೂ ಏನೂ ತಿಂದಿಲ್ಲ. ಬಾಯಿ ತೆರೆದೇ ಇದೆ… ಇಲ್ಲ, ಮುಟ್ಟಿಲ್ಲ, ನೀವೇ ಮುಟ್ಟಬೇಡಿ ಅಂದಿದ್ರಲ್ಲ… ಸತ್ತರೆ ಅರ್ಧ ಗಂಟೆಯೊಳಗೆ ಎತ್ತಿ ಹೊರಗೆ ಹಾಕಬೇಕಾ? ಸರಿ. ಚೀಲ ತಂದಿಟ್ಟಿದ್ದೀನಿ. ಉಳಿದವರಿಬ್ಬರನ್ನ ಬಕೆಟ್ಟಿಗೆ ಹಾಕ್ತೀನಿ.”

ಮೇಷ್ಟ್ರು ಹಾರ್ಮೋನಿಯಂ ಮುಚ್ಚಿ, ಹಿರಿಯ ನಾಗರಿಕರ ಕ್ಷೇಮ ವಿಭಾಗಕ್ಕೆ ಹೋಗಿ ಲಿಖಿತ ದೂರು ಕೊಟ್ಟು ಬಂದರು.

ಮಾರನೇ ದಿನ ಹನ್ನೊಂದು ಗಂಟೆಗೆ ಕ್ಷೇಮ ವಿಭಾಗದ ಅಧಿಕಾರಿಣಿ ಬಾಗಿಲು ತಟ್ಟಿದಾಗ ಗುಲಗಂಜಿಯವರು ಪಂಪಿನ ಸ್ಪಂಜನ್ನು ತೆಗೆದು ತೊಳೆದು ಕಿಟಕಿಯಲ್ಲಿ ಒಣಗಲು ಇಟ್ಟಿದ್ದರು. ಹೆಂಡತಿ ಲೈಬ್ರರಿಗೆ ಹೋಗಿದ್ದರು. ಅಧಿಕಾರಿಣಿ ಗುರುತಿನ ಚೀಟಿ ತೋರಿಸಿ, ನಿಮ್ಮ ಮನೆಯಲ್ಲಿರುವ ದೊಡ್ಡಮ್ಮನ ಬಗ್ಗೆ ವಿಚಾರಿಸಬೇಕು ಅಂದರು. ಕಡಲ ಜೀವಿಯನ್ನು ಮನೆಯಲ್ಲಿಡಲು ಯಾವುದೋ ಪರವಾನಗಿ ಬೇಕಿತ್ತು, ತಾನು ತೆಗೆದುಕೊಂಡಿಲ್ಲ ಎಂದುಕೊಂಡರು ಗುಲಗಂಜಿಯವರು. ತೊಟ್ಟಿಗೆ ಬೆನ್ನು ಹಾಕಿ ಕೂರುವಂತೆ ಒಂದು ಕುರ್ಚಿ ಕೊಟ್ಟು, ತಾವು ಎದುರು ಕೂತರು. ಸರ್ಕಾರಿ ನೌಕರರು ಸರ್ಕಾರಿ ನೌಕರರಿಗೆ ನಿಜವನ್ನೇ ಹೇಳಬೇಕೆಂದು ನಿರ್ಧರಿಸಿದ್ದರು.

ಅಧಿಕಾರಿಣಿ ನಮೂನೆ ತೆರೆದರು. ವಯಸ್ಸು?

ಸರಿಯಾಗಿ ಯಾರಿಗೂ ಗೊತ್ತಿಲ್ಲ, ನೋಡಿಕೊಂಡರೆ ಬಹಳ ವರ್ಷ ಬಾಳುತ್ತಾರಂತೆ ಅಂದರು ಗುಲಗಂಜಿಯವರು. ಹಲ್ಲು? ಇಲ್ಲವೇ ಇಲ್ಲ. ಓಡಾಟ? ಒಂದೇ ಕಾಲು, ಮನಸ್ಸಾದರೆ ತೆವಳುತ್ತಾರೆ. ಅಧಿಕಾರಿಣಿ ಪೆನ್ನು ನಿಲ್ಲಿಸಿ ಒಮ್ಮೆ ಅವರ ಮುಖ ನೋಡಿ ಮತ್ತೆ ಬರೆದುಕೊಂಡರು.

“ದಿನಕ್ಕೆ ಎಷ್ಟು ಸಲ ಊಟ ಕೊಡ್ತೀರಿ?”

“ದಿನಕ್ಕಲ್ಲ ಮೇಡಂ, ವಾರಕ್ಕೆ. ವಾರಕ್ಕೆರಡು ಸಲ.”

“ಎಷ್ಟು?”

ಗುಲಗಂಜಿಯವರು ಕಿರುಬೆರಳಿನ ಉಗುರು ತೋರಿಸಿದರು. ಹೆಚ್ಚು ಕೊಟ್ಟರೆ ವಾಂತಿ ಮಾಡುತ್ತಾರೆ ಎಂದೂ ಸೇರಿಸಿದರು.

ಎಲ್ಲಿ ಮಲಗಿಸುತ್ತೀರಿ ಎಂಬ ಪ್ರಶ್ನೆಗೆ, ಕಲ್ಲಿನ ಮೇಲೆ, ನೀರಿನೊಳಗೆ, ಹಗಲೆಲ್ಲ ಜೋರು ದೀಪ ಹಾಕಿಡುತ್ತೇವೆ ಎಂಬ ಉತ್ತರ ಬಂತು. ಉತ್ತರ ಕೊಡುವಾಗ ಈ ಮನುಷ್ಯ ತನ್ನ ಮುಖ ನೋಡದೆ ಭುಜದ ಮೇಲಿಂದ ಎಲ್ಲೋ ನೋಡುತ್ತಿದ್ದಾನೆ, ಹಣೆಯಲ್ಲಿ ಬೆವರಿದೆ ಎಂಬುದನ್ನೂ ಅಧಿಕಾರಿಣಿ ಗಮನಿಸಿದರು. ಕಲ್ಲೆದೆಯವರನ್ನು ಅವರು ವೃತ್ತಿಯಲ್ಲಿ ಬಹಳ ನೋಡಿದ್ದರು; ಕಲ್ಲೆದೆಯವನು ಇಷ್ಟು ವಿನಯದಿಂದ ಎಲ್ಲವನ್ನೂ ಒಪ್ಪಿಕೊಳ್ಳುವುದನ್ನು ನೋಡಿರಲಿಲ್ಲ. ನಮೂನೆಯ ಮೇಲೆ ‘ತುರ್ತು’ ಎಂದು ಬರೆದು, ಈ ಕ್ಷಣ ದೊಡ್ಡಮ್ಮನನ್ನು ತೋರಿಸಿ ಅಂದರು.

ಅದೇ ಕ್ಷಣಕ್ಕೆ ಮುಚ್ಚಿರದ ಬಾಗಿಲನ್ನು ತಳ್ಳಿಕೊಂಡು ಒಬ್ಬ ಹೆಂಗಸು ಒಳಗೆ ಬಂದರು. ಎಪ್ಪತ್ತರ ವಯಸ್ಸು, ಗಟ್ಟಿ ಆಳು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕೊಡೆ.

“ನಾನೇ ಇವನ ದೊಡ್ಡಮ್ಮ,” ಅಂದರು. “ನನಗೆ ಹುಷಾರಿಲ್ಲ ಅಂತ ತಿಳೀತು. ನೋಡೋಣ ಅಂತ ಬಂದೆ.”

ಅಧಿಕಾರಿಣಿ ಅವರ ಕಾಲುಗಳನ್ನು ಎಣಿಸಿದರು, ಎರಡಿದ್ದವು. ಮಾತಾಡಿದಾಗ ಕಂಡ ಹಲ್ಲು ಸಾಲಾಗಿದ್ದವು. ನಮೂನೆಯಲ್ಲಿ ಈಗ ಏನು ಬರೆಯಬೇಕೆಂದು ಅವರು ಪೆನ್ನು ಹಿಡಿದು ಕೂತರು. ಗುಲಗಂಜಿಯವರು ಮಾತ್ರ ಎದ್ದು ನಿಂತವರು ನಿಂತೇ ಇದ್ದರು. ಆರು ವರ್ಷದಲ್ಲಿ ದೊಡ್ಡಮ್ಮನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರು ದೃಷ್ಟಿ ಸರಿಸಿದರು. ಸರಿಸಿದ ದೃಷ್ಟಿ ತೊಟ್ಟಿಗೆ ಬಿತ್ತು.

ನಡುವಿನ ಕಲ್ಲು ಖಾಲಿಯಿತ್ತು. ತೊಟ್ಟಿಯ ದೊಡ್ಡಮ್ಮ ಕಾಲು ಬಿಟ್ಟುಕೊಟ್ಟು, ಒದ್ದೆ ಕರವಸ್ತ್ರದಂತೆ ಮುದುಡಿ, ನೀರಿನ ಸೆಳೆತಕ್ಕೆ ಸಿಕ್ಕಿ ಪಂಪಿನ ಕಡೆಗೆ ತೇಲಿಹೋಗುತ್ತಿದ್ದರು. ಪಂಪಿನ ಬಾಯಿಗೆ ಇರಬೇಕಾದ ಸ್ಪಂಜು ಕಿಟಕಿಯಲ್ಲಿ ಬಿಸಿಲು ಕಾಯಿಸುತ್ತಿತ್ತು.

ದೊಡ್ಡಮ್ಮ ಹೋದರು ಎಂದು ಗುಲಗಂಜಿಯವರು ಕೂಗಿದ ಕೂಗಿಗೆ ಪಕ್ಕದ ಮನೆಯ ಮೇಷ್ಟ್ರು ಬಾಗಿಲಿಗೆ ಓಡಿಬಂದರು. ಅಧಿಕಾರಿಣಿ ತಿರುಗಿ ನೋಡಿ, ನಮೂನೆಯಲ್ಲಿ ಬರೆದಿದ್ದೆಲ್ಲ ಒಂದೊಂದಾಗಿ ಅರ್ಥವಾಗಿ, ಬಾಯಿಗೆ ಕೈ ಇಟ್ಟುಕೊಂಡರು. ಎರಡು ಬೆರಳು ಆಗಲೇ ಪಂಪಿನ ಬಾಯಿಗೆ ಹೋಗಿದ್ದವು. ಗುಲಗಂಜಿಯವರು ಅಂಗಿಯ ತೋಳು ಮಡಿಸಿ ಕೈ ಹಾಕಿ ಎಳೆಯಲು ಹೊರಟರು. ಅಷ್ಟರಲ್ಲಿ ಮೊಳೆ ಅಂಗಡಿಯ ದೊಡ್ಡಮ್ಮ ಚೀಲ ಕೆಳಗಿಟ್ಟು, ವೈರು ಎಲ್ಲಿಗೆ ಹೋಗುತ್ತದೆಂದು ಕಣ್ಣಲ್ಲೇ ಹಿಂಬಾಲಿಸಿ, ಗೋಡೆಯ ಪ್ಲಗ್ಗನ್ನು ಕಿತ್ತರು.

ಗುರ್ರೆನ್ನುತ್ತಿದ್ದ ಪಂಪು ನಿಂತಿತು.

“ಎಳೀಬೇಡ,” ಅಂದರು. “ಸಿಕ್ಕಿಕೊಂಡಿದ್ದನ್ನ ಎಳೆದರೆ ಹರಿಯುತ್ತೆ. ಅದೇ ಬಿಡಿಸಿಕೊಳ್ಳಲಿ.”

ನಾಲ್ವರೂ ನಿಂತು ಕಾದರು. ಸುಮಾರು ಹತ್ತು ನಿಮಿಷದ ಮೇಲೆ ಅದು ಒಂದು ಬೆರಳನ್ನೂ, ಆಮೇಲೆ ಇನ್ನೊಂದನ್ನೂ ಹಿಂದಕ್ಕೆ ತೆಗೆದುಕೊಂಡು ಮರಳಿನ ಮೇಲೆ ಇಳಿಯಿತು. ಒಂದರ ತುದಿ ಹರಿದಿತ್ತು, ಅಷ್ಟೆ. ಗುಲಗಂಜಿಯವರು ಸ್ಪಂಜನ್ನು ತಂದು ಪಂಪಿನ ಬಾಯಿಗೆ ಹಾಕಿದರು. ಆಮೇಲೆ ಪ್ಲಗ್ಗನ್ನು ಮತ್ತೆ ಸಿಕ್ಕಿಸಿದರು.

ಮೇಷ್ಟ್ರು ನೆಲ ನೋಡುತ್ತಾ ಮನೆಗೆ ಹೋದರು. ಅಧಿಕಾರಿಣಿಗೆ ಮಾತ್ರ ಹಾಗೆ ಹೋಗುವಂತಿರಲಿಲ್ಲ. ನಮೂನೆಗೆ ಕ್ರಮಸಂಖ್ಯೆ ಇತ್ತು, ಹರಿಯುವಂತಿಲ್ಲ. ಅವರು ಬಹಳ ಹೊತ್ತು ಯೋಚಿಸಿ, ‘ಖುದ್ದು ಭೇಟಿಯಾಗಿ ಪರಿಶೀಲಿಸಲಾಯಿತು. ಒಬ್ಬ ದೊಡ್ಡಮ್ಮ ಆರೋಗ್ಯವಾಗಿದ್ದಾರೆ. ಇನ್ನೊಬ್ಬರ ವಿಷಯ ಈ ವಿಭಾಗಕ್ಕೆ ಬರುವುದಿಲ್ಲ’ ಎಂದು ಬರೆದು ಸಹಿ ಹಾಕಿದರು.

ಅವರು ಹೋದ ಮೇಲೆ ದೊಡ್ಡಮ್ಮ ತೊಟ್ಟಿಯ ಪಕ್ಕದಲ್ಲಿ ಮಾರನೇ ದಿನಕ್ಕೆಂದು ಮಾಡಿಟ್ಟಿದ್ದ ಎರಡು ಲೀಟರಿನ ಪಾತ್ರೆ ನೋಡಿದರು. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು ಮುಖ ಸಿಂಡರಿಸಿದರು. ಇದೇನು ಎಂದು ಕೇಳಿದರು. ಗುಲಗಂಜಿಯವರು ವಹಿ ತೆಗೆದು, ಇಪ್ಪತ್ತೈದು ದಿನದ ಲೆಕ್ಕವನ್ನು ತರ್ಕದ ಸಮೇತ ವಿವರಿಸಿದರು. ದೊಡ್ಡಮ್ಮ ವಹಿಯನ್ನು ಮುಟ್ಟಲಿಲ್ಲ.

“ಒಲೆ ಮೇಲಿಟ್ಟದ್ದು ಇಂಗಿದರೆ ನೀರು ಹಾಕ್ತೀಯೋ, ಉಪ್ಪು ಹಾಕ್ತೀಯೋ?”

ನೀರು ಅಂದರು ಗುಲಗಂಜಿಯವರು, ಅಂದಕೂಡಲೇ ಹೊಳೆಯಿತು. ಆವಿಯಾಗಿ ಹೋಗುವುದು ನೀರು. ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಮೇಜಿನ ಬೀಗ ತೆಗೆದು, ಮೊಹರಿಲ್ಲದ ದುರ್ಬೀನನ್ನು ಹೊರಗೆ ತಂದು, ಒಂದು ತೊಟ್ಟು ನೀರು ಹಾಕಿ ಕಿಟಕಿಯ ಬೆಳಕಿಗೆ ಹಿಡಿದರು. ಮೂವತ್ತೈದು ಇರಬೇಕಾದ ಕಡೆ ನಲವತ್ತೊಂದಿತ್ತು. ಅಷ್ಟು ದಿನವೂ ಒಂದೇ ಒಂದು ಗ್ರಾಂ ತಪ್ಪಿಲ್ಲದಂತೆ ತೂಗಿ ತೂಗಿ, ತಾನು ಆ ಜೀವವನ್ನು ಉಪ್ಪಿನಕಾಯಿ ಹಾಕುತ್ತಿದ್ದೆ ಎಂಬುದು ಅವರಿಗೆ ಗೊತ್ತಾಯಿತು. ಅವರು ಕುರ್ಚಿಯಲ್ಲಿ ಕೂತರು. ಅತ್ತರೆಂದು ಹೇಳಲಾರೆ, ದುರ್ಬೀನನ್ನು ಕಣ್ಣಿನಿಂದ ಬಹಳ ಹೊತ್ತು ತೆಗೆಯಲಿಲ್ಲ.

ಫೋನಿನಲ್ಲಿ ಡಾಕ್ಟರಮ್ಮ ಬೈಯಲಿಲ್ಲ. ಸಿಹಿನೀರು ಎಂದು ಬರೆಯದೇ ಇದ್ದದ್ದು ತಮ್ಮ ತಪ್ಪು ಅಂದರು. ಆದರೆ ಒಂದೇ ಸಲ ಸರಿಮಾಡಲು ಹೋಗಬೇಡಿ, ಒಗ್ಗಿಹೋದ ಉಪ್ಪನ್ನು ಥಟ್ಟನೆ ತೆಗೆದರೂ ಸಾಯುತ್ತದೆ, ಸ್ವಲ್ಪ ಸ್ವಲ್ಪವಾಗಿ ತೊಟ್ಟಿಯ ನೀರು ತೆಗೆದು ಅಷ್ಟೇ ಶುದ್ಧ ಸಿಹಿನೀರು ಹಾಕುತ್ತಾ ಬನ್ನಿ, ಐದು ದಿನವಾದರೂ ಬೇಕು ಅಂದರು.

ದೊಡ್ಡಮ್ಮ ಆ ಐದು ದಿನವೂ ಉಳಿದರು. ಯಾರೂ ಉಳಿಯಿರಿ ಅನ್ನಲಿಲ್ಲ, ಅವರೂ ಉಳಿಯುತ್ತೇನೆ ಅನ್ನಲಿಲ್ಲ. ಲೈಬ್ರರಿಯಿಂದ ಬಂದ ಹೆಂಡತಿ ಅವರನ್ನು ನೋಡಿ, ಏನೂ ಕೇಳದೆ ಇನ್ನೊಂದು ಹಾಸಿಗೆ ಹಾಸಿದರು. ಹಗಲೆಲ್ಲ ತೊಟ್ಟಿಯ ಮುಂದೆ ಎರಡು ಕುರ್ಚಿ. ಇವರು ಒಂದು ಲೋಟ ಉಪ್ಪುನೀರು ತೆಗೆಯುವುದು, ಅವರು ಒಂದು ಲೋಟ ಸಿಹಿನೀರು ಹಾಕುವುದು. ಲೋಟ ಕಂಠದವರೆಗೆ ತುಂಬಿದೆಯೇ ಎಂದು ಇವರು ಬಗ್ಗಿ ನೋಡಿದರೆ ದೊಡ್ಡಮ್ಮ ಸುಮ್ಮನೆ ಸುರಿದುಬಿಡುತ್ತಿದ್ದರು.

ಎರಡನೇ ದಿನ ಮಧ್ಯಾಹ್ನ ಗುಲಗಂಜಿಯವರು ಲೋಟ ಕೈಯಲ್ಲಿ ಹಿಡಿದು, ಆ ತಕ್ಕಡಿಯ ವಿಷಯ ಎಂದು ಶುರುಮಾಡಿದರು. ಹತ್ತು ಗ್ರಾಂ ಬಿಟ್ಟುಬಿಡಬಹುದಿತ್ತು, ಸಾಹೇಬರ ಮುಂದೆ ಧೈರ್ಯ ಬರಲಿಲ್ಲ, ಆರು ವರ್ಷದಿಂದ ಹೇಳಬೇಕು ಅಂತಿದ್ದೆ ಎಂದೆಲ್ಲ ತಡವರಿಸಿದರು.

“ತಕ್ಕಡಿ ನೋಡೋದು ನಿನ್ನ ಕೆಲಸ,” ಅಂದರು ದೊಡ್ಡಮ್ಮ. “ನೋಡಿದೆ, ಸೀಲು ಹಾಕಿದೆ. ನಾನೇ ಕಲಿಸಿದ್ದು ಅಲ್ವಾ. ಅದಕ್ಕೆ ನನಗೆ ಬೇಜಾರಿಲ್ಲ.”

“ಮತ್ತೆ?”

“ಅಂಗಡಿ ಒಳಗೆ ಬಂದವನು, ‘ಮಾಲೀಕರೇ, ತಕ್ಕಡಿ ತೋರಿಸಿ’ ಅಂದೆ.”

ಗುಲಗಂಜಿಯವರಿಗೆ ಅದು ನೆನಪೇ ಇರಲಿಲ್ಲ. ಹತ್ತು ಗ್ರಾಂ ನೆನಪಿತ್ತು, ಸೀಲಿನ ನಂಬರು ನೆನಪಿತ್ತು, ಅವತ್ತು ಸಾಹೇಬರು ಹಾಕಿದ್ದ ಕೋಟಿನ ಬಣ್ಣ ಕೂಡ ನೆನಪಿತ್ತು. ತಾನು ಆಡಿದ ಒಂದು ಮಾತು ಮಾತ್ರ ವಹಿಯಲ್ಲಿ ಬಿಟ್ಟುಹೋಗಿತ್ತು.

“ಈಗ ನೋಡಿದರೆ,” ಎಂದು ದೊಡ್ಡಮ್ಮ ತೊಟ್ಟಿಯ ಕಡೆ ಗದ್ದ ತೋರಿಸಿದರು, “ಮೂಳೆಯಿಲ್ಲದ್ದು, ಮುಖವಿಲ್ಲದ್ದು, ಅದನ್ನ ಬೆಳಗಿಂದ ಸಂಜೆವರೆಗೆ ದೊಡ್ಡಮ್ಮ ದೊಡ್ಡಮ್ಮ ಅಂತ ಕರೀತಾ ಕೂತಿದ್ದೀಯ. ಕರೆಯೋಕೆ ನಿನಗೆ ನಾಲಿಗೆ ಬರಲ್ಲ ಅಂತಲ್ಲ.”

ಅವರು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಲೋಟ ಚಾಚಿ, ಮುಂದಿನದು ತೆಗಿ ಅಂದರು. ಗುಲಗಂಜಿಯವರು ತೆಗೆದುಕೊಟ್ಟರು. ಸಂಜೆಯವರೆಗೆ ಒಂದು ಲೋಟ ತೆಗೆಯುವುದು, ಒಂದು ಲೋಟ ಹಾಕುವುದು ನಡೆದೇ ಇತ್ತು.

ನಾಲ್ಕನೇ ದಿನ ತೊಟ್ಟಿಯ ದೊಡ್ಡಮ್ಮ ಮರಳಿನಿಂದ ತೆವಳಿ, ಹಳೆಯ ಕಲ್ಲನ್ನು ಬಿಟ್ಟು, ಮೂಲೆಯ ಒಂದು ಸಣ್ಣ ಕಲ್ಲಿನ ಸಂದಿಯಲ್ಲಿ ಕಾಲೂರಿದರು. ಐದನೇ ದಿನ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಮೀನುಗಳು ಎರಡು ಸುತ್ತು ಹಾಕಿ, ಪರೀಕ್ಷೆ ಮಾಡಿ, ಒಳಗೆ ಹೋಗಿ ಕೂತವು.

ಅವತ್ತೇ ಸಾಯಂಕಾಲ ಸಾಹೇಬರು ಹಣ್ಣಿನ ಬುಟ್ಟಿ ಹಿಡಿದು ರೋಗಿಯನ್ನು ನೋಡಲು ಬಂದರು. ಬಾಗಿಲು ತೆಗೆದವರು ದೊಡ್ಡಮ್ಮ. ಸಾಹೇಬರು ಗಾಬರಿಯಾಗಿ, ಏಳಬಾರದಿತ್ತು, ಮಲಗಿಕೊಳ್ಳಿ ಅಂದರು. ಗುಲಗಂಜಿಯವರು ಮುಂದೆ ಬಂದರು. ಬೆಳಗಿನಿಂದ ಸಾಹೇಬರಿಗೆ ಹೇಳಬೇಕಾದ್ದನ್ನು ಐದಾರು ರೀತಿಯಲ್ಲಿ ಮನಸ್ಸಿನಲ್ಲೇ ಬರೆದುಕೊಂಡಿದ್ದರು. ಬಾಯಿಂದ ಬಂದದ್ದು ಯಾವುದೂ ಅಲ್ಲ.

“ಸರ್, ಇವರು ನಮ್ಮ ದೊಡ್ಡಮ್ಮ. ನನ್ನನ್ನ ಸಾಕಿದವರು.”

ಆಮೇಲೆ ತೊಟ್ಟಿಯ ಕಥೆಯನ್ನು ಮೊದಲಿಂದ ಕಡೆಯವರೆಗೆ, ಉಪ್ಪಿನ ತಪ್ಪಿನ ಸಮೇತ ಹೇಳಿದರು. ಸಾಹೇಬರು ಹಣ್ಣಿನ ಬುಟ್ಟಿಯನ್ನು ಎಲ್ಲಿಡಬೇಕೆಂದು ತೋಚದೆ ಕೈಯಲ್ಲೇ ಹಿಡಿದುಕೊಂಡು ಕೇಳಿದರು. ಕೊನೆಗೆ ಮುಖ ಗಂಟಿಕ್ಕಿ, ಹಾಗಾದರೆ ಅರ್ಜಿಯಲ್ಲಿ ದೊಡ್ಡಮ್ಮನಿಗೆ ಹುಷಾರಿಲ್ಲ ಎಂದು ಬರೆದದ್ದು ಸುಳ್ಳೇ ಎಂದು ಕೇಳಿದರು.

“ಸುಳ್ಳಲ್ಲ,” ಅಂದರು ದೊಡ್ಡಮ್ಮ, ಬುಟ್ಟಿಯನ್ನು ಅವರ ಕೈಯಿಂದ ತೆಗೆದುಕೊಳ್ಳುತ್ತಾ. “ಆರು ವರ್ಷದಿಂದ ಇರಲಿಲ್ಲ. ಈಗ ಪರವಾಗಿಲ್ಲ.”

ಸಾಹೇಬರು ರಜೆ ಮಂಜೂರು ಮಾಡಿದರು.

ಡಾಕ್ಟರಮ್ಮ ತಿರುಗಿ ಬಂದು ತೊಟ್ಟಿಯನ್ನು ಇಳಿಸಿಕೊಂಡು ಹೋದರು. ಕಡಲ ಹೂ ಹೊಸ ಕಲ್ಲನ್ನೇ ಹಿಡಿದುಕೊಂಡಿತ್ತು. ಅದು ಆರಿಸಿಕೊಂಡ ಜಾಗ, ಇರಲಿ ಅಂದರು. ಮಾರನೇ ಶನಿವಾರ ಗುಲಗಂಜಿಯವರು ಹೆಂಡತಿಯನ್ನು ಕರೆದುಕೊಂಡು ಮೊದಲ ಬಸ್ಸಿಗೆ ಹತ್ತಿದರು. ಮೊಳೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೆಂಗಸರಿಬ್ಬರೂ ಮಾತಿಗೆ ಕೂತಾಗ ಇವರು ಮುಂದುಗಡೆ ತಗಡಿನ ಡಬ್ಬಿಯೊಂದರ ಮೇಲೆ ಕೂತು, ಬೆರಕೆಯಾಗಿದ್ದ ಮೊಳೆಗಳನ್ನು ಉದ್ದದ ಪ್ರಕಾರ ಬೇರೆ ಮಾಡುತ್ತಿದ್ದರು. ಒಬ್ಬ ಬಡಗಿ ಬಂದು ಅರ್ಧ ಕಿಲೋ ಎರಡಿಂಚಿನ ಮೊಳೆ ತೂಗಿಕೊಡಿ ಅಂದ. ತಕ್ಕಡಿ ಕೈಗೆಟಕುವಷ್ಟು ದೂರದಲ್ಲೇ ಇತ್ತು. ಗುಲಗಂಜಿಯವರು ಅದನ್ನೊಮ್ಮೆ ನೋಡಿ, ಒಳಗಡೆ ಮುಖ ತಿರುಗಿಸಿದರು.

“ದೊಡ್ಡಮ್ಮಾ, ಗಿರಾಕಿ ಬಂದಿದ್ದಾರೆ.”